ದಾರ ಕಿತ್ತಲ್ಲೇ ಗಂಟು

ಹೋದ ವಾರ ಅಲ್ಲಾಳಸಂದ್ರದ ಕೆರೆಯ ಹತ್ತಿರ ಆಟೋಗೆ ಕಾಯುತ್ತಾ ನಿಂತಿದ್ದೆ. ಪಕ್ಕದ ತಳ್ಳುಗಾಡಿಯವಳು ಹೂವಿನ ಮೇಲಿದ್ದ ಒದ್ದೆ ಗೋಣಿತಾಟು ಸರಿಸಿದಳು ನೋಡಿ, ಮರುಗದ ವಾಸನೆ ಗಪ್ಪಂತ ಮೂಗಿಗೆ ಬಡಿಯಿತು. ಮೊದಲು ಮರುಗ, ಅದರ ಹಿಂದೆ ಮಲ್ಲಿಗೆ, ಅದರ ಹಿಂದೆ ನೆಂದ ಗೋಣಿ. ನನಗೆ ಎಂಬತ್ತು ದಾಟಿದೆ. ಬೆಳಿಗ್ಗೆ ಏನು ತಿಂಡಿ ತಿಂದೆ ಅಂತ ಕೇಳಿದರೆ ಸ್ವಲ್ಪ ಯೋಚಿಸಬೇಕು. ಆದರೆ ಆ ವಾಸನೆಯ ಜೊತೆಗೆ ಸಣ್ಣ ರೈಲಿನ ಹೆಂಗಸರ ಡಬ್ಬಿ, ಅದರೊಳಗಿನ ಗಲಾಟೆ, ಕಿಟಕಿಯಿಂದ ಒಳಗೆ ಬರುತ್ತಿದ್ದ ಕಲ್ಲಿದ್ದಲ ಮಸಿ ಎಲ್ಲಾ ಒಟ್ಟಿಗೇ ಬಂದುಬಿಟ್ಟಿತು. ಆಟೋ ಬಂತು. ನಾನು ಹತ್ತಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮೆಡಿಕಲ್ ಕಾಲೇಜಿನ ಮೊದಲ ದೊಡ್ಡ ಪರೀಕ್ಷೆಯಲ್ಲಿ ಫೇಲಾಗಿ, ಟ್ರಂಕು ಹಾಸಿಗೆ ಸಮೇತ ನಾನು ಯಲಹಂಕಕ್ಕೆ ವಾಪಸು ಬಂದಿದ್ದೆ. ಬರೆಯುವ ಪರೀಕ್ಷೆ ಪಾಸು. ಹೋಗಿದ್ದು ವೈವಾ, ಅಂದರೆ ಪರೀಕ್ಷಕರ ಎದುರಿಗೆ ಕೂತು ಬಾಯಲ್ಲಿ ಉತ್ತರ ಹೇಳುವುದು. ಅದೂ ಇಂಗ್ಲಿಷಿನಲ್ಲಿ.

ನನ್ನ ಇಂಗ್ಲಿಷಿನ ಕಥೆ ಹೇಳಿಬಿಡುತ್ತೇನೆ, ನಾಚಿಕೆ ಏನಿಲ್ಲ. ನಾವು ದ್ರಾಕ್ಷಿ ತೋಟದವರು. ಹೈಸ್ಕೂಲು ಮುಗಿಯುವವರೆಗೆ ನನಗೆ ಎಲ್ಲಾ ಪಾಠವೂ ಕನ್ನಡದಲ್ಲೇ. ಆಮೇಲೆ ಒಂದೇ ಸಲಕ್ಕೆ ಎಲ್ಲಾ ಇಂಗ್ಲಿಷು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದರೆ ಅರ್ಥವೇನೋ ಆಗುತ್ತಿತ್ತು. ಮಾತಾಡು ಅಂದರೆ ಮಾತ್ರ ನಾಲಿಗೆ ಕಟ್ಟಿದ ಹಾಗೆ. ಅದಕ್ಕೆ ನಾನು ಕಂಡುಕೊಂಡ ಉಪಾಯ, ಮಗ್ಗಿ ಕಲಿತ ಉಪಾಯವೇ. ಅಂಗರಚನೆಯ ಪುಸ್ತಕವನ್ನು ಪುಟಪುಟವೇ ಉರು ಹೊಡೆದೆ. ಯಾವ ಕೀಲು ಬೇಕು ಕೇಳಿ, ಪೂರ್ಣವಿರಾಮದ ಸಮೇತ ಒಪ್ಪಿಸುತ್ತಿದ್ದೆ. ತೊಂದರೆ ಒಂದೇ. ಮಗ್ಗಿ ಕಲಿಯುವ ಮಕ್ಕಳನ್ನು ಏಳೆಂಟಲ ಎಷ್ಟು ಅಂತ ಕೇಳಿದರೆ ಅವು ಏಳೊಂದಲ ಏಳರಿಂದ ಶುರು ಮಾಡುತ್ತವಲ್ಲ, ನಾನೂ ಹಾಗೆ. ಮಧ್ಯೆ ತಡೆದರೆ ಪ್ಯಾರಾದ ಮೊದಲ ಸಾಲಿನಿಂದ ಮತ್ತೆ ಶುರು.

ಪ್ರೊಫೆಸರ್ ಸಾಹೇಬರು ಮೂರು ಸಲ ತಡೆದರು, ನಾನು ಮೂರು ಸಲವೂ ಮೊದಲಿಂದ ಶುರು ಮಾಡಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇದು ಹುಡುಗಿಯಲ್ಲ ಗ್ರಾಮಫೋನು ಅಂದರು. ಆಮೇಲೆ ಮುಂದಿನವರನ್ನು ಒಳಗೆ ಕರೆಯುವ ಗಂಟೆ ಬಾರಿಸಿದರು. ಇಂಥವರು ರೋಗಿಯ ಹತ್ತಿರ ಹೋಗಿ ಏನು ಮಾಡುತ್ತಾರೆ ಅಂತ ಪಕ್ಕದವರಿಗೆ ಹೇಳಿದ್ದೂ ನನ್ನ ಕಿವಿಗೆ ಬಿತ್ತು. ಅದು ಫೇಲಾದದ್ದಕ್ಕಿಂತ ಹೆಚ್ಚು ಚುಚ್ಚಿತು.

ಯಾಕೆಂದರೆ ನನಗೆ ಬೇಕಾಗಿದ್ದದ್ದೇ ಅದು. ಈ ಪರೀಕ್ಷೆ ಪಾಸಾದವರಿಗೆ ಮಾತ್ರ ಆಸ್ಪತ್ರೆಯ ವಾರ್ಡಿನೊಳಗೆ ಪ್ರವೇಶ. ರೋಗಿಯ ಮಂಚದ ಪಕ್ಕ ಕೂತು, ಎಲ್ಲಿ ನೋವು ಅಂತ ಕೇಳಬೇಕು, ಅವರು ಹೇಳುವುದನ್ನು ಕೇಳಿಸಿಕೊಳ್ಳಬೇಕು ಅನ್ನುವುದು ಬಿಟ್ಟು ನನಗೆ ಬೇರೆ ಆಸೆಯೇ ಇರಲಿಲ್ಲ. ಅಪ್ಪ ಬೈಯಲಿಲ್ಲ. ಚಪ್ಪರದ ಕೆಳಗೆ ಬಳ್ಳಿ ಕಟ್ಟುತ್ತಾ, "ಸೆಪ್ಟೆಂಬರಿಗೆ ಇನ್ನೊಂದ್ಸಲ ಕೂತ್ಕೊಳ್ಳಮ್ಮ. ಅದೂ ಆಗ್ಲಿಲ್ಲ ಅಂದ್ರೆ ನಿಮ್ಮತ್ತೆ ಥರಾ ಟೀಚರ್ ಟ್ರೈನಿಂಗ್ ಮಾಡ್ಕೊ. ಅದೇನು ಕೀಳಲ್ಲ," ಅಂದರು. ಕೀಳಲ್ಲ, ನಿಜ. ಆದರೆ ನನಗೆ ವಾರ್ಡು ಬೇಕಿತ್ತು.

ಫೇಲಾದವರಿಗೆ ಹಾಸ್ಟೆಲಿನಲ್ಲಿ ಜಾಗ ಇರಲಿಲ್ಲ. ಹಾಗಾಗಿ ಜೂನ್ ತಿಂಗಳ ಮಳೆ ಶುರುವಾದಾಗ ನನ್ನ ರೈಲು ಓಡಾಟವೂ ಶುರುವಾಯಿತು. ಆಗ ಚಿಕ್ಕಬಳ್ಳಾಪುರದ ಕಡೆಯಿಂದ ಒಂದು ಸಣ್ಣ ರೈಲು ಬರುತ್ತಿತ್ತು. ಗಾಲಿಯೂ ಸಣ್ಣದು, ಹಳಿಯೂ ಸಣ್ಣದು, ಓಟವಂತೂ ಕೇಳಬೇಡಿ. ಏರಿನಲ್ಲಿ ಇಳಿದು ನಡೆದರೆ ನಾವೇ ಮುಂದೆ ಹೋಗಬಹುದು ಅಂತ ಹೆಂಗಸರು ನಗುತ್ತಿದ್ದರು. ದೇವನಹಳ್ಳಿಯಲ್ಲಿ ಹೂವಿನವರು ಹತ್ತುತ್ತಿದ್ದರು, ಯಲಹಂಕದಲ್ಲಿ ನಾನು. ಯಶವಂತಪುರದಲ್ಲಿ ಎಲ್ಲರೂ ಇಳಿದು, ಅವರು ಮಾರ್ಕೆಟ್ಟಿಗೆ, ನಾನು ಬಸ್ಸು ಹಿಡಿದು ಕಾಲೇಜಿಗೆ.

ಮೊದಲ ದಿನವೇ ರಾದ್ಧಾಂತ. ನನ್ನ ಕೈಚೀಲದಲ್ಲಿ ಓದಲು ಕಡ ತಂದ ಮೂಳೆಗಳಿದ್ದವು, ತೊಡೆಯದೊಂದು, ಮೊಣಕಾಲ ಕೆಳಗಿನದೊಂದು. ಡಬ್ಬಿಯಲ್ಲಿ ಜಾಗ ಸಿಕ್ಕಿತಲ್ಲ ಅಂತ ಚೀಲವನ್ನು ಒಂದು ಹೂವಿನ ಮಂಕರಿಯ ಪಕ್ಕದಲ್ಲಿಟ್ಟೆ. ರೈಲು ಕುಲುಕಿತು, ಚೀಲ ವಾಲಿತು, ತೊಡೆಮೂಳೆಯ ಗುಂಡು ತಲೆ ಹೊರಗೆ ಇಣುಕಿತು.

"ಏನವ್ವ ಅದು?" ಅಂದಳು ಮಂಕರಿಯ ಒಡತಿ. ಐವತ್ತರ ಹೆಂಗಸು, ಅಗಲ ಹಣೆ, ಕೈಯಲ್ಲಿ ಬಾಳೆನಾರು. ಹೆಸರು ಅಕ್ಕಯ್ಯಮ್ಮ.

"ಮೂಳೆ," ಅಂದೆ.

"ಯಾತರದು? ಕುರೀದಾ?"

ಸುಳ್ಳು ಹೇಳಬಹುದಿತ್ತು. ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. "ಮನುಷ್ಯರದು," ಅಂದುಬಿಟ್ಟೆ.

ಡಬ್ಬಿಯ ಹೆಂಗಸರೆಲ್ಲಾ ಮಂಕರಿಗಳನ್ನು ಎತ್ತಿಕೊಂಡು ಆ ಮೂಲೆಗೆ ಸರಿದರು. ದೇವರ ತಲೆ ಮೇಲೆ ಕೂರುವ ಹೂವಿನ ಪಕ್ಕ ಹೆಣದ ಮೂಳೆ ಇಟ್ಟರೆ ಹೇಗೆ ತಡೆದುಕೊಂಡಾರು, ಹೇಳಿ. ಅಕ್ಕಯ್ಯಮ್ಮ ಮಾತ್ರ ಕೂತಲ್ಲೇ ಕೂತಿದ್ದಳು. "ನೋಡವ್ವ, ನೀನು ಓದೋ ಮಗ. ಓದ್ಕೊ. ಆದ್ರೆ ಇದು ಈ ಡಬ್ಬೀಲಿ ಇನ್ನೊಂದಪ ಬರಕೂಡ್ದು. ಬಂತೋ, ನಿನ್ನೂ ಅದ್ನೂ ಸೇರಿಸಿ ಕೊಡಿಗೇಹಳ್ಳೀಲಿ ಇಳಿಸ್ಬುಡ್ತೀವಿ."

ಮಾರನೆಯ ದಿನ ಮೂಳೆ ಇಲ್ಲದೆ ಹೋದೆ. ಚೀಲ ತೆರೆದು ತೋರಿಸಿದ ಮೇಲೆಯೇ ಕೂರಲು ಜಾಗ ಕೊಟ್ಟರು. ಕೈಯಲ್ಲಿ ಹಿಡಿಯಲು ಏನೂ ಇಲ್ಲ, ಕಣ್ಣು ಮುಚ್ಚಿಕೊಂಡು ಮಂಡಿಯ ಪಾಠವನ್ನು ಇಂಗ್ಲಿಷಿನಲ್ಲಿ ಗುಣುಗುಣು ಒಪ್ಪಿಸಿಕೊಳ್ಳುತ್ತಿದ್ದೆ. ಎದುರಿಗೆ ಕೂತಿದ್ದ ಹುಡುಗಿಯೊಬ್ಬಳು ನನ್ನನ್ನೇ ನೋಡುತ್ತಿದ್ದಳು. ನೋಡಿದರೆ ನಮ್ಮ ಕ್ಲಾಸಿನ ರೋಸಲಿನ್. ಯಲಹಂಕಕ್ಕೆ ಆ ತಿಂಗಳು ವರ್ಗವಾಗಿ ಬಂದ ಸ್ಟೇಷನ್ ಮಾಸ್ತರರು ಅವಳ ಅಪ್ಪ. ಮದರಾಸು ಕಡೆಯ ರೈಲ್ವೆ ಊರುಗಳ ಕಾನ್ವೆಂಟುಗಳಲ್ಲಿ ಓದಿದವಳು. ಇಂಗ್ಲಿಷು ನೀರು ಕುಡಿದ ಹಾಗೆ. ಮೊದಲ ಪ್ರಯತ್ನದಲ್ಲೇ ಪಾಸಾಗಿ ವಾರ್ಡು ಸೇರಿದ್ದಳು. ಅವಳನ್ನು ಕಂಡು ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಅವಳ ಮುಖವೂ ಸಪ್ಪಗಿತ್ತು.

"ವಾರ್ಡಿನಲ್ಲಿ ಯಾರೂ ನನ್ನ ಜೊತೆ ಮಾತಾಡೋದಿಲ್ಲ," ಅಂದಳು, ಇಂಗ್ಲಿಷಿನಲ್ಲಿ. ಅವಳಿಗೆ ಕನ್ನಡ ನಾಲ್ಕೇ ವಾಕ್ಯ ಬರುತ್ತಿತ್ತು, ಅದೂ ನರ್ಸಮ್ಮ ಬರೆದುಕೊಟ್ಟದ್ದು. ಹೆಸರೇನು, ವಯಸ್ಸೆಷ್ಟು, ಗಂಡನ ಹೆಸರೇನು, ಎಲ್ಲಿ ನೋವು. ಅದೇ ಕ್ರಮದಲ್ಲಿ ಕೇಳುತ್ತಿದ್ದಳಂತೆ. ಎರಡನೆಯದರ ತನಕ ಸರಿ. ಮೂರನೆಯದನ್ನು ಕೇಳಿದ ಕೂಡಲೇ ಹೆಂಗಸರು ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗುತ್ತಿದ್ದರಂತೆ. ಕೇಸ್ ಶೀಟಿನಲ್ಲಿ ಆ ಸಾಲು ಖಾಲಿ, ಅದರ ಕೆಳಗಿನದೆಲ್ಲವೂ ಖಾಲಿ. ದೊಡ್ಡ ಡಾಕ್ಟರಿಂದ ದಿನವೂ ಬೈಗುಳ.

ನನಗೆ ನಗು ತಡೆಯಲಾಗಲಿಲ್ಲ. ಅಕ್ಕಯ್ಯಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಇಡೀ ಡಬ್ಬಿ ನಕ್ಕಿತು.

"ಅಯ್ಯೋ, ಕಟ್ಕೊಂಡೋನ ಹೆಸ್ರು ಯಾರಾದ್ರೂ ಬಾಯಲ್ಲಿ ಯೋಳ್ತಾರಾ," ಅಂದಳು ಅಕ್ಕಯ್ಯಮ್ಮ. "ಯೋಳಿದ್ರೆ ಅವನ ಆಯಸ್ಸು ಏನಾಗ್ಬೇಕು? ಪಕ್ಕದ ಮಂಚದೋಳ್ನ ಕೇಳ್ಬೇಕು ಕಣವ್ವ. ಅವ್ಳು ಯೋಳ್ತಾಳೆ. ಇವ್ಳ ಗಂಡನ ಹೆಸ್ರು ಅವ್ಳು, ಅವ್ಳ ಗಂಡನ ಹೆಸ್ರು ಇವ್ಳು."

ರೋಸಲಿನ್ ಇದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಆ ದಿನ ಸಂಜೆ ರೈಲಿಗೆ ಓಡಿಬಂದು, ಐದು ಜನರ ಗಂಡಂದಿರ ಹೆಸರು ಸಿಕ್ಕಿತು ಅಂತ ಬೆರಳು ಮಡಚಿ ತೋರಿಸಿದಳು. ಅವಳ ಖುಷಿ ನೋಡಬೇಕಿತ್ತು. ಅಲ್ಲಿಂದ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ನಾನು ಅವಳಿಗೆ ರೋಗಿಗಳ ಕನ್ನಡ ಕಲಿಸಬೇಕು, ಅವಳು ನನಗೆ ಪರೀಕ್ಷಕರ ಇಂಗ್ಲಿಷು.

ಅವಳ ಪಾಠ ಸಲೀಸಾಗಿ ಸಾಗಿತು, ಯಾಕೆಂದರೆ ರೋಗಿಗಳಿಗೆ ಬರವೇ ಇರಲಿಲ್ಲ. ಡಬ್ಬಿಯ ಒಬ್ಬೊಬ್ಬರೂ ದಿನಕ್ಕೊಂದು ರೋಗ ಕಟ್ಟಿಕೊಂಡು ಬರುತ್ತಿದ್ದರು. ಕನಕಾಂಬರ ಮಾರುವ ಗೌರಮ್ಮನಿಗಂತೂ ಸೋಮವಾರ ಹೊಟ್ಟೆನೋವು, ಮಂಗಳವಾರ ತಲೆಸುತ್ತು. ಬುಧವಾರ, "ನಂಗೆ ಎಲ್ಲಾ ಬ್ಯಾನೆನೂ ಐತೆ, ಬರ್ಕೊ," ಅಂತ ಹೇಳಿ ರೋಸಲಿನ್ ಪೆನ್ನು ಮುಚ್ಚುವ ಹಾಗೆ ಮಾಡಿದಳು.

ನನ್ನ ಪಾಠ ಮಾತ್ರ ಕುಂಟುತ್ತಿತ್ತು. ರೋಸಲಿನ್ ಮಧ್ಯೆ ಪ್ರಶ್ನೆ ಕೇಳುತ್ತಿದ್ದಳು, ನಾನು ಮೊದಲಿಂದ ಶುರು ಮಾಡುತ್ತಿದ್ದೆ. ಜುಲೈ ಹೀಗೇ ಕಳೆಯಿತು. ಕೆರೆ ತುಂಬಿತು, ನಮ್ಮ ತೋಟದ ಬದುವಿನ ಮೇಲೆ ನೀರು ಬಂತು, ನನ್ನ ಬಾಯಿಗೆ ಮಾತ್ರ ಇಂಗ್ಲಿಷು ಬರಲಿಲ್ಲ.

ಆಗಸ್ಟಿನ ಒಂದು ಬೆಳಿಗ್ಗೆ ಅಳುವೇ ಬಂತು. ಐದನೆಯ ಸಲ ಅದೇ ಮೊದಲ ಸಾಲಿಗೆ ಹೋಗಿದ್ದೆ. ಅಕ್ಕಯ್ಯಮ್ಮ ಮಲ್ಲಿಗೆ ಕಟ್ಟುತ್ತಿದ್ದಳು. ಕೈಯನ್ನು ನೋಡದೆಯೇ ಕಟ್ಟುತ್ತಿದ್ದಳು. ನಮ್ಮಿಬ್ಬರ ಗೋಳು ಎಷ್ಟು ದಿನದಿಂದ ನೋಡಿದ್ದಳೋ, ಅವಳಿಗೆ ಭಾಷೆ ಬರದಿದ್ದರೂ ಅದೇ ದನಿ ಅದೇ ರಾಗ ಮತ್ತೆ ಮತ್ತೆ ಬರುವುದು ಗೊತ್ತಾಗುತ್ತಿತ್ತು.

"ಯಾಕವ್ವ ಒಂದೇ ಜಾಗಕ್ಕೆ ಓಯ್ತೀಯ, ಗಾಣದ ಎತ್ತು ಅಂಗೆ?"

"ಮಧ್ಯೆ ನಿಲ್ಲಿಸಿದ್ರೆ ಮರ್ತೋಗತ್ತೆ ಅಕ್ಕಯ್ಯಮ್ಮ. ಮೊದ್ಲಿಂದ ಹೇಳಿದ್ರೇನೇ ಬರೋದು."

ಅಕ್ಕಯ್ಯಮ್ಮ ಕಟ್ಟುತ್ತಿದ್ದ ಮಾಲೆ ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ಎರಡೂ ಕೈಯಲ್ಲಿ ಜಗ್ಗಿ ನಾರನ್ನು ಕಿತ್ತುಬಿಟ್ಟಳು. ನಾಲ್ಕು ಮೊಗ್ಗು ನನ್ನ ಮಡಿಲಿಗೆ ಬಿದ್ದವು.

"ಈಗ ನಾನು ಮೊದ್ಲಿಂದ ಕಟ್ಲಾ? ಅಂಗೆ ಕಟ್ತಾ ಕೂತ್ರೆ ಮಾರ್ಕೆಟ್ಟಿಗೆ ಓದಂಗೇ. ದಾರ ಕಿತ್ತಲ್ಲೇ ಗಂಟು, ಅಲ್ಲಿಂದ ಮುಂದಕ್ಕೆ." ಅಂದವಳೇ ಗಂಟು ಹಾಕಿದಳು, ಮಡಿಲಿನ ಮೊಗ್ಗು ಎತ್ತಿಕೊಂಡಳು, ಮುಂದಕ್ಕೆ ಕಟ್ಟಿದಳು. ಗಂಟು ಎಲ್ಲಿ ಅಂತ ಹುಡುಕಿದರೂ ಸಿಗಲಿಲ್ಲ. "ಅದಿರ್ಲಿ, ಅದೇನು ಓದ್ತಿದ್ದೀಯ? ನಂಗೂ ಯೋಳು."

"ಮಂಡಿ," ಅಂದೆ.

"ನಂದೇ ನೋಯ್ತದೆ. ಯೋಳು ನೋಡೋಣ, ಒಳಗೇನೈತೆ?"

ಮೂಳೆ ಕೈಯಲ್ಲಿಲ್ಲ. ಹಾಗಾಗಿ ಅವಳ ಮಂಡಿಯ ಮೇಲೆಯೇ ಕೈಯಿಟ್ಟೆ. ಮೇಲಿನ ಮೂಳೆ ಇಲ್ಲಿಗೆ ಬರುತ್ತದೆ, ಕೆಳಗಿನದು ಇಲ್ಲಿಂದ ಹೋಗುತ್ತದೆ, ಮುಂದುಗಡೆ ಚಿಪ್ಪು, ಒಳಗೆ ಎರಡು ಹುರಿ ಕತ್ತರಿ ಹಾಕಿದ ಹಾಗೆ. ಮೂಳೆಗೆ ಮೂಳೆ ತಾಗದ ಹಾಗೆ ಮಧ್ಯೆ ಎರಡು ಮೆತ್ತೆ ಅಂದೆ.

"ಮೆತ್ತೆ ಯಾತಕ್ಕೆ?"

"ಮೇಲಿನ ಭಾರ ಒಂದೇ ಕಡೆ ಬೀಳಬಾರದಲ್ಲ, ಅದಕ್ಕೆ."

"ಅಂಗಾರೆ ಸಿಂಬಿ ಅನ್ನು." ತಲೆಗೂ ಮಂಕರಿಗೂ ಮಧ್ಯೆ ಇಡುವ ಬಟ್ಟೆಯ ಸುರುಳಿ ಅವಳ ಪಕ್ಕದಲ್ಲೇ ಇತ್ತು. ಎತ್ತಿ ತೋರಿಸಿದಳು. "ಮೆಟ್ಲು ಇಳಿಯಾಗ ಯಾಕೆ ನೋವು, ಹತ್ತಾಗ ಯಾಕೆ ಕಡ್ಮೆ?"

ಹೇಳಿದೆ. ಇನ್ನೊಂದು ಕೇಳಿದಳು, ಅದಕ್ಕೂ ಹೇಳಿದೆ. ಗೌರಮ್ಮ ಅಡ್ಡ ಬಾಯಿ ಹಾಕಿದಳು, ಅವಳಿಗೂ ಹೇಳಿದೆ. ಯಶವಂತಪುರ ಬಂದದ್ದೇ ತಿಳಿಯಲಿಲ್ಲ. ಎಷ್ಟು ಸಲ ತಡೆದರೂ ನಾನು ಒಮ್ಮೆಯೂ ಮೊದಲಿಗೆ ಹೋಗಿರಲಿಲ್ಲ. ರೋಸಲಿನ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. "ನಿನಗೆ ಎಲ್ಲಾ ಗೊತ್ತು," ಅಂದಳು. "ನಾಳೆಯಿಂದ ಮೊದಲು ಅವರಿಗೆ ಹೇಳು, ಆಮೇಲೆ ನನಗೆ ಹೇಳು. ಪುಸ್ತಕದ ವಾಕ್ಯ ಒಂದೂ ಬೇಡ."

ಅಲ್ಲಿಂದ ಪದ್ಧತಿ ಅದೇ ಆಯಿತು. ಅಕ್ಕಯ್ಯಮ್ಮ ಎಲ್ಲಿ ಬೇಕಾದರೂ "ನಿಲ್ಸು" ಅನ್ನಬಹುದು. ಅಂದಾಗ ನಿಲ್ಲಿಸಬೇಕು, ಕೇಳಿದ್ದಕ್ಕೆ ಕನ್ನಡದಲ್ಲಿ ಹೇಳಬೇಕು, ತಿರುಗಿ ರೋಸಲಿನ್‌ಗೆ ಅದನ್ನೇ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷು ಪುಸ್ತಕದ್ದಾಗಿ ಉಳಿಯಲಿಲ್ಲ. ನಾಲ್ಕು ನಾಲ್ಕು ಶಬ್ದದ ಮೋಟು ವಾಕ್ಯಗಳು. ಕೆಲವು ಕುಂಟುತ್ತಿದ್ದವು. ಆದರೆ ನನ್ನವು. ಆ ಅಕ್ಕಯ್ಯಮ್ಮನೋ, ನಿಲ್ಸು ಅನ್ನುವ ಅಧಿಕಾರ ಸಿಕ್ಕಿದ್ದೇ ತಡ, ಯಾವ ದೊಡ್ಡ ಪರೀಕ್ಷಕರಿಗೂ ಕಡಿಮೆ ಇಲ್ಲದ ಹಾಗೆ ಗತ್ತಿನಿಂದ ಕೂರುತ್ತಿದ್ದಳು. ಹೃದಯದ ಪಾಠ, ಕೈಯ ಪಾಠ, ಕಿವಿಯ ಪಾಠ ಎಲ್ಲವೂ ಆ ಡಬ್ಬಿಯಲ್ಲಿ ಆದವು. ಹೃದಯಕ್ಕೆ ನಾಲ್ಕು ಕೋಣೆ ಅಂತ ಹೇಳಿದಾಗ ಗೌರಮ್ಮ, "ನಮ್ಮನೇಗಿಂತ ವಾಸಿ," ಅಂದದ್ದು ನೆನೆದರೆ ಈಗಲೂ ನಗು ಬರುತ್ತದೆ.

ಸೆಪ್ಟೆಂಬರಿನ ವೈವಾದ ದಿನ ಬೆಳಿಗ್ಗೆ ಜಿಟಿಜಿಟಿ ಮಳೆ. ಅಕ್ಕಯ್ಯಮ್ಮ ನನ್ನ ಜಡೆಗೆ ಒಂದು ಮೊಳ ಮಲ್ಲಿಗೆ ಮುಡಿಸಿದಳು.

ಒಳಗೆ ಇಬ್ಬರು ಕೂತಿದ್ದರು. ಒಬ್ಬರು ನಮ್ಮ ಪ್ರೊಫೆಸರ್ ಸಾಹೇಬರು. ನನ್ನ ಮುಖ ನೋಡಿ, ಬಂತಪ್ಪಾ ಗ್ರಾಮಫೋನು ಅನ್ನುವ ಹಾಗೆ ಕುರ್ಚಿಗೆ ಒರಗಿದರು. ಇನ್ನೊಬ್ಬರು ಆಂಧ್ರದ ಕಡೆಯಿಂದ ಬಂದ ಹಿರಿಯರು, ಕನ್ನಡ ಬಾರದವರು. ತೊಡೆಯ ಮೂಳೆ ನನ್ನ ಕೈಗೆ ಕೊಟ್ಟು, ಮಂಡಿಯ ಬಗ್ಗೆ ಹೇಳು ಅಂದರು.

ಮಂಡಿ ಅಂದ ಕೂಡಲೇ ಖುಷಿಗೆ ಮೈಮರೆತೆ. ಖುಷಿಯಲ್ಲಿ ಏನು ಮಾಡಿದೆ ಗೊತ್ತೆ? ಪುಸ್ತಕದ ಮೊದಲ ಸಾಲಿನಿಂದ ಗಡಗಡ ಶುರು ಮಾಡಿಬಿಟ್ಟೆ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ. ಎರಡು ವಾಕ್ಯ ಆಗಿತ್ತಷ್ಟೆ, ಹಿರಿಯರು ಕೈ ಎತ್ತಿದರು. ಮಧ್ಯೆ ಆ ಮೆತ್ತೆಗಳು ಯಾಕಿವೆ ಅಂತ ಕೇಳಿದರು.

ಮೊದಲ ಸಾಲು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಬಿಟ್ಟರೆ ತಲೆಯೊಳಗೆ ಏನೂ ಇಲ್ಲ. ಪ್ರೊಫೆಸರರ ಕೈ ಗಂಟೆಯ ಕಡೆ ಹೋಯಿತು. ನನ್ನ ವಾರ್ಡು, ನನ್ನ ಮಂಚದ ಪಕ್ಕದ ಸ್ಟೂಲು, ಎಲ್ಲವೂ ಆ ಕೈಯ ಕೆಳಗಿತ್ತು. ಮೂಳೆ ಮಡಿಲಲ್ಲಿತ್ತು. ಮೇಜಿನ ಕೆಳಗೆ ನನ್ನ ಬೆರಳುಗಳು ಸೆರಗಿನ ಅಂಚು ಹಿಡಿದು, ನಾನು ಹೇಳದೆಯೇ, ಒಂದು ಗಂಟು ಹಾಕಿದವು.

ಕಿತ್ತಲ್ಲೇ.

"ಸರ್," ಅಂದೆ, "ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ಆಮೇಲೆ ಇಂಗ್ಲಿಷ್." ಇಷ್ಟನ್ನೂ ಇಂಗ್ಲಿಷಿನಲ್ಲೇ ಹೇಳಿದ್ದೆ, ನನ್ನದೇ ಮೋಟು ವಾಕ್ಯದಲ್ಲಿ. ಹಿರಿಯರು ಹುಬ್ಬೇರಿಸಿದರು, ಆಗಲಿ ಅಂತ ತಲೆಯಾಡಿಸಿದರು. ಅಕ್ಕಯ್ಯಮ್ಮನಿಗೆ ಹೇಳಿದ ಹಾಗೆ ಎರಡು ಮಾತು ಕನ್ನಡದಲ್ಲಿ ಹೇಳಿದೆ. ಆಮೇಲೆ ಮೂಳೆ ಮೇಜಿನ ಮೇಲಿಟ್ಟು ಎದ್ದು ನಿಂತೆ. ನಮ್ಮ ಹೂವಿನ ಹೆಂಗಸರು ತಲೆಗೂ ಮಂಕರಿಗೂ ಮಧ್ಯೆ ಬಟ್ಟೆಯ ಸುರುಳಿ ಇಡುತ್ತಾರೆ ಸರ್, ಭಾರ ಹರಡಲಿ ಅಂತ, ಇದೂ ಅದೇ ಕೆಲಸ ಮಾಡುತ್ತದೆ, ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಸುರುಳಿ ಸುತ್ತುವುದನ್ನು ಕೈಯಲ್ಲಿ ತೋರಿಸಿದೆ.

ಹಿರಿಯರ ಮುಖ ಅರಳಿತು. ನಮ್ಮ ಊರಿನಲ್ಲೂ ಇಡುತ್ತಾರೆ ಅಂದರು. ಆಮೇಲೆ ತಡೆದರು, ಕೇಳಿದರು, ತಡೆದರು, ಕೇಳಿದರು. ನಾನು ಒಂದೊಂದಕ್ಕೂ ಅಲ್ಲಲ್ಲೇ ಗಂಟು ಹಾಕಿಕೊಂಡು ಮುಂದಕ್ಕೆ ಹೋದೆ. ಕೊನೆಗೆ, "ನಮ್ಮ ತಾಯಿಗೂ ಮಂಡಿನೋವು. ಮೆಟ್ಟಿಲು ಇಳಿಯುವಾಗ ಹೆಚ್ಚು. ಅವರಿಗೆ ಹೇಗೆ ತಿಳಿಸಿ ಹೇಳುತ್ತೀ?" ಅಂದರು. ನೂರು ಸಲ ಹೇಳಿದ್ದು ಅದು. ಕೂತು ಎದ್ದು ತೋರಿಸಿ ಹೇಳಿದೆ. ಪ್ರೊಫೆಸರ್ ಸಾಹೇಬರು ಗಂಟೆಯ ಮೇಲಿದ್ದ ಕೈಯನ್ನು ಯಾವಾಗ ತೆಗೆದರೋ ಗೊತ್ತಿಲ್ಲ. ನಾನು ಹೊರಡುವಾಗ ಕನ್ನಡದಲ್ಲಿ ಮೆಲ್ಲಗೆ, "ಯಾರಮ್ಮ ನಿನಗೆ ಪಾಠ ಹೇಳಿದವರು?" ಅಂದರು. "ಹೂವಿನವರು ಸರ್," ಅಂದೆ. ಅವರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ.

ಫಲಿತಾಂಶ ಎರಡು ವಾರದ ಮೇಲೆ ಕಾಲೇಜಿನ ಬೋರ್ಡಿಗೆ ಬಂತು. ರೋಸಲಿನ್‌ಗೆ ಯಾರಿಗೂ ಹೇಳಕೂಡದು ಅಂತ ಆಣೆ ಹಾಕಿ, ಸಂಜೆಯ ಸಣ್ಣ ರೈಲು ಹತ್ತಿದೆ. ಖಾಲಿ ಮಂಕರಿಗಳ ಮಧ್ಯೆ ಡಬ್ಬಿ ತುಂಬಾ ಹೆಂಗಸರು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಸೆರಗು ಸರಿ ಮಾಡಿಕೊಂಡು ಕೂತು ಶುರು ಮಾಡಿದೆ.

"ಬೆಳಿಗ್ಗೆ ಹೋದ್ನಾ, ಬೋರ್ಡಿನ ಹತ್ರ ಒಂದು ರಾಶಿ ಜನ. ಜವಾನ ಇನ್ನೂ ಗೋಂದು ಹಚ್ತಾ ಇದ್ದ. ಅಷ್ಟರಲ್ಲಿ..."

"ನಿಲ್ಸು," ಅಂದಳು ಅಕ್ಕಯ್ಯಮ್ಮ. "ಮೊದ್ಲಿಂದ ಬ್ಯಾಡ. ಪಾಸೋ ಫೇಲೋ?"

"ಪಾಸು."

ಡಬ್ಬಿಯಲ್ಲಿ ಎದ್ದ ಗದ್ದಲಕ್ಕೆ ಗಾರ್ಡು ಲಾಟೀನು ಹಿಡಿದು ಇಣುಕಿ ಹೋದ. ಗೌರಮ್ಮ ಉಳಿದ ಕನಕಾಂಬರವನ್ನೆಲ್ಲಾ ನನ್ನ ತಲೆಗೂ ರೋಸಲಿನ್ ತಲೆಗೂ ಸಮ ಹಂಚಿದಳು. ಅಕ್ಕಯ್ಯಮ್ಮ ಕಣ್ಣೊರೆಸಿಕೊಂಡು, ಸೀರೆ ಒಂದಿಷ್ಟು ಮೇಲೆ ಸರಿಸಿ, ನೋಯುವ ಕಾಲನ್ನು ಎದುರಿನ ಬೆಂಚಿನ ಮೇಲೆ, ನನ್ನ ಮುಂದೆ ಚಾಚಿದಳು.

"ಅಂಗಾದ್ರೆ ನೋಡವ್ವ ಡಾಕ್ಟ್ರಮ್ಮ," ಅಂದಳು.

ನಾನು ಅವಳ ಮಂಡಿಯ ಮೇಲೆ ಕೈಯಿಟ್ಟೆ. ರೋಸಲಿನ್ ಪುಸ್ತಕ ತೆರೆದು ಪೆನ್ನು ಬಿಚ್ಚಿದಳು. ಹೆಸರು ಬರೆದುಕೊಂಡಳು, ವಯಸ್ಸು ಬರೆದುಕೊಂಡಳು. ಮೂರನೆಯ ಸಾಲಿಗೆ ಬಂದಾಗ ಅಕ್ಕಯ್ಯಮ್ಮನನ್ನು ಕೇಳಲಿಲ್ಲ. ತಲೆಯೆತ್ತಿ, ಸುತ್ತ ಕೂತವರನ್ನೆಲ್ಲಾ ಒಮ್ಮೆ ನೋಡಿ, ಅಚ್ಚ ಕನ್ನಡದಲ್ಲಿ, "ಇವರ ಯಜಮಾನರ ಹೆಸರೇನ್ರಮ್ಮಾ?" ಅಂದಳು.

"ಮುನಿಶಾಮಪ್ಪ," ಅಂತ ಇಡೀ ಡಬ್ಬಿ ಒಂದೇ ದನಿಯಲ್ಲಿ ಹೇಳಿತು. ಅಕ್ಕಯ್ಯಮ್ಮ ಸೆರಗು ಬಾಯಿಗಿಟ್ಟುಕೊಂಡು, ನಗುತ್ತಾ, ಕಿಟಕಿಯ ಕಡೆ ತಿರುಗಿದಳು.